ತಿರುಗುವ ಗಾಲಿ, ತುಂಬದ ಬ್ಯಾಟರಿ

ಬೇರೆ ಮನೆಗಳಲ್ಲಿ ಗಂಡಂದಿರು ರಜೆಯ ದಿನ ಇಸ್ಪೀಟು ಆಡುತ್ತಾರೆ, ಇಲ್ಲವೇ ಬಾಯಿ ತೆರೆದು ನಿದ್ದೆ ಹೊಡೆಯುತ್ತಾರೆ. ಆ ಹೆಂಗಸರ ಪುಣ್ಯ. ನಮ್ಮ ಮನೆಯವರಿಗೆ ತಲೆ ಓಡುತ್ತದೆ. ತಲೆ ಓಡುವ ಗಂಡಸು ಇರುವ ಮನೆಯಲ್ಲಿ ನಗುವಂಥ ಪ್ರಸಂಗಗಳಿಗೆ ಕೊರತೆ ಇಲ್ಲ. ನಗುವವರು ಮಾತ್ರ ಯಾವಾಗಲೂ ಪಕ್ಕದ ಮನೆಯವರು. ಇದೆಲ್ಲ ರಾಯಚೂರಿನ ನಮ್ಮ ಓಣಿಯಲ್ಲಿ ಮೂರು ವರ್ಷದ ಹಿಂದೆ ನಡೆದದ್ದು. ಆಗ ಓಣಿಗೆ ಟಿ.ವಿ. ಬಂದಿರಲಿಲ್ಲ, ನನ್ನ ಮಗಳಿಗೆ ಹಲ್ಲು ಬಂದಿರಲಿಲ್ಲ. ಓದಿದವರು ಧಾರಾಳವಾಗಿ ನಗಬಹುದು. ನನ್ನ ಸಿಟ್ಟು ಇನ್ನೂ ಆರಿಲ್ಲ.

೧. ಸೈಕಲ್ಲಿನ ಮುಂದಿನ ಗಾಲಿ

ನಮ್ಮ ಮನೆಯವರು ಎಣ್ಣೆ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಕಾಯಂ ನೌಕರಿ. ನನ್ನ ತವರು ಮಾನ್ವಿಯಲ್ಲಿ ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲರೂ ಬೆಳಗ್ಗೆ ಎದ್ದು ಇವತ್ತು ಯಾರ ಹೊಲ ಎಂದು ಕೇಳಿಕೊಂಡು ಹೋದವರೇ. ಈ ಸಂಬಂಧ ಬಂದಾಗ ಅಪ್ಪ ಹುಡುಗನ ಮುಖ ಸರಿಯಾಗಿ ನೋಡಲಿಲ್ಲ. "ಕಾಯಂ ಹೌದಲ್ರೀ?" ಎಂದು ಮೂರು ಸಲ ಕೇಳಿ ತಾಂಬೂಲ ತೆಗೆದುಕೊಂಡುಬಿಟ್ಟರು.

ಒಂದು ಭಾನುವಾರ ಈ ಕಾಯಂ ಮನುಷ್ಯ ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿ ಪಡಸಾಲೆಗೆ ತಂದರು. ಪಂಕ್ಚರ್ ಇರಬೇಕೆಂದು ನಾನು ಸುಮ್ಮನಿದ್ದೆ. ನಳಕ್ಕೆ ಹೋಗಿ ಬರುವಷ್ಟರಲ್ಲಿ ಟೈರು, ಟ್ಯೂಬು ಕಿತ್ತು ಮೂಲೆಗೆ ಒಗೆದಿದ್ದರು.

"ಇದೇನ್ರೀ?"

"ಮೋಟರ್," ಎಂದರು. "ಗಾಲಿ ಸುತ್ತ ಮ್ಯಾಗ್ನೆಟ್ ಕೂಡಿಸ್ತೀನಿ. ಬಾಜೂಕ ತಂತಿ ಸುತ್ತಿದ ಕಾಯಿಲ್. ಮ್ಯಾಗ್ನೆಟ್ ಎದುರಿಗೆ ಬಂದಾಗೆಲ್ಲ ಕಾಯಿಲ್‌ಗೆ ಒಂದು ಝಟ್ಕಾ ಕರೆಂಟು ಹೋಗ್ತದ, ಗಾಲಿ ನೂಕ್ತದ. ಕರೆಂಟು ಕಟ್ ಆದ ಕೂಡ್ಲೆ ಕಾಯಿಲ್ ವಾಪಸ್ ಒಂದು ಝಟ್ಕಾ ಉಗುಳ್ತದ. ಅದನ್ನ ಹಿಡಿದು ಎರಡನೇ ಬ್ಯಾಟರಿಗೆ ತುಂಬೂದು. ಒಂದು ಬ್ಯಾಟರಿ ಗಾಲಿ ಓಡಸ್ತದ, ಇನ್ನೊಂದು ತುಂಬ್ತದ. ತುಂಬಿದ ಮ್ಯಾಲ ಅದಲು ಬದಲು. ಜೀವನಪೂರ್ತಿ ಫುಕಟ್ ಕರೆಂಟು!"

ನಾನು ಕೊಡ ಇನ್ನೂ ಇಳಿಸಿರಲಿಲ್ಲ. ಸೊಂಟದ ಮೇಲೊಂದು ಕೊಡ, ತಲೆಯ ಮೇಲೊಂದು ಕೊಡ.

"ಈ ಕೊಡದ ನೀರು ಆ ಕೊಡಕ್ಕ ಸುರುವಿ, ಆ ಕೊಡದ್ದು ಈ ಕೊಡಕ್ಕ ಸುರುವಿದ್ರ ಎರಡೂ ತುಂಬ್ತಾವೇನ್ರೀ? ಹಂಗಿದ್ರ ನಾ ಯಾಕ ದಿನಾ ನಳದ ಮುಂದ ಮಂದಿ ಕೂಡ ಜಗಳ ಆಡ್ಲಿ?"

"ನೀ ಓದಿದ್ದು ಹತ್ತನೇತ್ತ. ಇದು ನಿನಗ ತಿಳಿಯಂಗಿಲ್ಲ."

ಹೀಗೆ ಹೇಳಿದವರು ಓದಿದ್ದು ಎಂಟನೇತ್ತ.

ಮರುದಿನ ಮಿಲ್ಲಿಗೆ ನಡೆದುಕೊಂಡು ಹೊರಟರು. ಓಣಿಯ ಬಾಯಲ್ಲಿ ಯಾರೋ ಕೇಳಿದರು: "ಯಾಕ್ರೀ, ಇವತ್ತ ಸೈಕಲ್ ಇಲ್ಲೇನು?"

ಇವರು ಎದೆ ಉಬ್ಬಿಸಿ ಹೇಳಿದರು: "ಗಾಲಿ ಮನ್ಯಾಗ ಓಡಾಕ ಹೊಂಟದ್ರೀ!"

೨. ಮಾತು ನಿಂತ ರೇಡಿಯೋ

ಗಾಲಿಗೆ ಎಂಟು ಅಯಸ್ಕಾಂತ ಬೇಕಿತ್ತು. ರೇಡಿಯೋ ರಿಪೇರಿಯವನು ಸತ್ತ ಸ್ಪೀಕರುಗಳನ್ನು ಒಡೆದು ಏಳು ಕೊಟ್ಟ. ಎಂಟನೆಯದು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ನಮ್ಮ ಅತ್ತೆ ದಿನಾ ಸಂಜೆ ರೇಡಿಯೋ ಮುಂದೆ ಕೂತು ರೈತರ ಕಾರ್ಯಕ್ರಮ ಕೇಳುತ್ತಾರೆ. ನಮಗೆ ಹೊಲ ಇಲ್ಲ. ಆದರೂ ಜೋಳಕ್ಕೆ ಯಾವ ಹುಳ ಬಿದ್ದಿದೆ ಎಂದು ಅವರಿಗೆ ತಿಳಿಯಲೇಬೇಕು. ಅವತ್ತು ಗುಂಡಿ ತಿರುವಿದರು. ದೀಪ ಹತ್ತಿತು, ಮುಳ್ಳು ಸರಿಯಿತು, ಮಾತು ಮಾತ್ರ ಬರಲಿಲ್ಲ. ಅರ್ಧ ಗಂಟೆ ಕೈ ಕಟ್ಟಿ ಕೂತರು. ಆಮೇಲೆ ನಿಧಾನಕ್ಕೆ ಎದ್ದು, ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಗೆ ಹೋದರು.

ನಾನು ರೊಟ್ಟಿ ಬಡಿಯುತ್ತಿದ್ದೆ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು: "ಯಾರಬೇ ಅವರು, ತೀರಿಕೊಂಡವರು?"

"ಯಾರು ತೀರಿಕೊಂಡ್ರು?"

"ನಿಮ್ಮ ಅತ್ತಿ ಹೇಳಿದ್ಲಲ್ಲ. ಭಾಳ ದೊಡ್ಡ ಮನಷ್ಯಾರಂತ. ರೇಡಿಯೋದಾಗ ಒಬ್ಬರಿಗೂ ಮಾತು ಹೊಂಡವಲ್ದಂತ."

ಹೊರಗೆ ಬಂದು ನೋಡಿದರೆ ಐದಾರು ಮಂದಿ ಕಟ್ಟೆಯ ಮೇಲೆ ಮುಖ ಇಳಿಬಿಟ್ಟು ಕೂತಿದ್ದಾರೆ. ಒಬ್ಬಾಕೆ ಒಲೆ ಆರಿಸಿ ಬಂದಿದ್ದಳು. ಇನ್ನೊಬ್ಬಾಕೆ ಮಕ್ಕಳಿಗೆ ನಾಳೆ ಸಾಲಿಗೆ ರಜೆ ಎಂದೂ ಹೇಳಿಬಿಟ್ಟಿದ್ದಳು. ನಾನು ಒಳಗೆ ಹೋಗಿ ರೇಡಿಯೋದ ಹಿಂಬದಿ ತೆಗೆದೆ. ಸ್ಪೀಕರ್ ಇರಬೇಕಾದ ಜಾಗದಲ್ಲಿ ದುಂಡನೆಯ ತೂತು. ಅಷ್ಟರಲ್ಲಿ ಇವರು ಮಿಲ್ಲಿನಿಂದ ಬಂದರು.

"ಸತ್ತವರು ಯಾರಂತ ನೀವs ಹೋಗಿ ಹೇಳ್ರಿ!" ಎಂದು ಚೀರಿದೆ.

ಇವರು ಕಟ್ಟೆಯ ಮೇಲಿದ್ದವರನ್ನು ನೋಡಿ ಗಾಬರಿಯಾಗಿ, ತಾವೂ ಚಪ್ಪಲಿ ಬಿಟ್ಟು ಅವರ ಪಕ್ಕ ಕೂತು, "ಯಾವಾಗ ಹೋದ್ರಂತ್ರೀ?" ಎಂದರು.

೩. ನಾಲ್ಕುನೂರಾ ಹನ್ನೆರಡು

ಕಾಯಿಲ್ ಎಂದರೆ ಸಣ್ಣ ತಾಮ್ರದ ತಂತಿಯನ್ನು ಉರುಳೆಗೆ ಎಂಟುನೂರು ಸುತ್ತು ಸುತ್ತುವುದು. ಒಂದು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದಂತೆ. ಸುತ್ತಲು ಇವರು ಆರಿಸಿಕೊಂಡದ್ದು ನನ್ನ ಹೊಲಿಗೆ ಯಂತ್ರದ ಗಾಲಿಯನ್ನು. ಎಣಿಸಲು ಆರಿಸಿಕೊಂಡದ್ದು ನನ್ನ ಬಾಯಿಯನ್ನು.

ನಾನು ಮಗಳಿಗೆ ಹಾಲು ಕುಡಿಸುತ್ತ ಎಣಿಸುತ್ತಿದ್ದೆ. ನಾಲ್ಕುನೂರು ದಾಟಿದಾಗ ಎದುರು ಮನೆಯ ಮುದುಕಿ ಕೂಸು ನೋಡಲು ಬಂದಳು. ಇವರು ತುಟಿಗೆ ಬೆರಳಿಟ್ಟು ನನ್ನ ಕಡೆ ಕಣ್ಣು ಬಿಟ್ಟರು. ತಪ್ಪಿದರೆ ನೋಡು ಎಂಬಂತೆ.

"ಕೂಸಿಗೆ ಎಷ್ಟು ತಿಂಗಳಾದ್ವಬೇ?"

"ನಾಲ್ಕುನೂರಾ ಹನ್ನೆರಡು."

ಮುದುಕಿ ಕಿವಿಯ ಹತ್ತಿರ ಕೈ ತಂದಳು. "ಎಷ್ಟು?"

"ನಾಲ್ಕುನೂರಾ ಹದಿಮೂರು."

"ಯವ್ವಾ! ದಿನಕ್ಕ ಎಷ್ಟು ಸಲ ಹಾಲು ಕುಡಿತಾಳ?"

"ನಾಲ್ಕುನೂರಾ ಹದಿನಾಲ್ಕು."

ಮುದುಕಿ ನನ್ನ ಹಣೆ ಮುಟ್ಟಿ ನೋಡಿದಳು, ಕೂಸಿನ ಮುಖ ನೋಡಿದಳು, ಒಂದು ಮಾತೂ ಆಡದೆ ಎದ್ದಳು. ಸಂಜೆಯೊಳಗೆ ನಳದ ಮುಂದೆ ನಿಂತವರಿಗೆಲ್ಲ ನನಗೆ ಬಾಣಂತಿ ಸನ್ನಿ ಬಡಿದಿದೆ ಎಂದು ಗೊತ್ತಾಯಿತು. ಮರುದಿನ ಆಕೆ ದರ್ಗಾಕ್ಕೆ ಹೋಗಿ ತಾಯಿತ ಮಾಡಿಸಿ ತಂದು, "ಯಾರಿಗೆ ತಲಿ ಕೆಟ್ಟದ ಅವರ ಬಲಗೈ ರಟ್ಟಿಗೆ ಕಟ್ಟಬೇಕಂತ," ಎಂದು ನನ್ನ ಕೈಗಿಟ್ಟಳು.

ಹೇಳಿದ ಹಾಗೇ ಮಾಡಿದೆ. ಗಂಡ ಮಲಗಿದ್ದಾಗ ಕಟ್ಟಿದೆ.

೪. ಟಕ ಟಕ

ಸುಳ್ಳು ಹೇಳಬಾರದು, ಗಾಲಿ ತಿರುಗಿತು. ಬೆರಳಿನಿಂದ ಒಂದು ಸಲ ನೂಕಿದರೆ ಸಾಕು, ಟಕ ಟಕ ಟಕ ಎನ್ನುತ್ತ ಜೋರು ಹಿಡಿಯುತ್ತಿತ್ತು. ನನ್ನ ಮಗಳು ಅದನ್ನು ನೋಡಿ ಬೊಚ್ಚುಬಾಯಿ ಬಿಟ್ಟು ಕೇಕೆ ಹಾಕಿದಳು. ಅರೆಗಳಿಗೆ ನನಗೂ ಖುಷಿಯಾಯಿತು. ಇವರು ತಂದದ್ದು ಟ್ರಾಕ್ಟರಿಗೆ ಹಾಕುವಂಥ ದೊಡ್ಡ ಬ್ಯಾಟರಿಗಳು; ಗಾಲಿ ಓಡಿಸುವ ಬ್ಯಾಟರಿ ವಾರಗಟ್ಟಲೆ ಬಾಳುತ್ತಿತ್ತು. ಗಾಲಿಗೆ ಬೇಕಾಗುವ ಕರೆಂಟು ಅಷ್ಟು ಕಡಿಮೆ. ಆದರೆ ತುಂಬಬೇಕಾದ ಎರಡನೇ ಬ್ಯಾಟರಿಗೆ ಬಲ್ಬು ಹಚ್ಚಿ ನೋಡಿದರೆ ಊದಿನಕಡ್ಡಿಯ ತುದಿಯಷ್ಟು ಕೆಂಪು. ನಾಲ್ಕು ದಿನ ಓಡಿಸಿದರೂ ಅಷ್ಟೇ ಕೆಂಪು.

ಐದನೆಯ ದಿನ ರಿಟೈರಾದ ಮಾಸ್ತರರು ಬಾಗಿಲಿಗೆ ಬಂದರು. ಅವರ ಹಿಂದೆ ಅರ್ಧ ಓಣಿ.

"ಏನಪ್ಪಾ, ನಿನ್ನ ಗಾಲಿ ಶುರುವಾದ ಕೂಡ್ಲೆ ನಮ್ಮ ರೇಡಿಯೋ ಟಕ ಟಕ ಅನ್ನಾಕ ಹತ್ತದಲ್ಲ? ವಾರ್ತೆ ಓದಾಕಿ ಹಲ್ಲು ಕಡಿದಂಗ ಕೇಳ್ತದ."

ಇವರ ಮುಖ ಅರಳಿತು. "ನಿಮ್ಮ ಮನಿತನಕ ಕೇಳ್ತದ್ರೀ?"

"ನಮ್ಮ ಮನಿ ಬಿಡು, ಓಣಿ ಕೊನೀ ಮನಿತನಕ ಕೇಳ್ತದ!"

ಇವರು ನನ್ನ ಕಡೆ ತಿರುಗಿದರು. ಮದುವೆಯಲ್ಲೂ ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ನೋಡಿರಲಿಲ್ಲ. "ಕೇಳಿದ್ಯಾ? ಕೊನೀ ಮನಿತನಕ! ಪವರ್ ಅಂದ್ರ ಹಿಂಗಿರಬೇಕು."

"ಎಲ್ಲಾರ ಮನಿಗೂ ಹೋಗ್ತದ, ನಮ್ಮ ಬ್ಯಾಟರಿಗೆ ಮಾತ್ರ ಹೋಗವಲ್ದು," ಎಂದೆ.

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ತಮ್ಮಾ, ನಿನ್ನ ಪವರ್ ಭಾಳ ದೊಡ್ಡದಪ್ಪಾ. ಏಳು ಗಂಟಿಯಿಂದ ಏಳೂಕಾಲತನಕ ದೇಶದ ಸುದ್ದಿಗೆ ಸ್ವಲ್ಪ ಜಾಗ ಬಿಡು."

೫. ಪಂಚಮಿಗೆ ಹೋಗಿ ಬಂದದ್ದು

ಶ್ರಾವಣದಲ್ಲಿ ಅಣ್ಣ ಬಂದು ಪಂಚಮಿ ಹಬ್ಬಕ್ಕೆ ನನ್ನನ್ನೂ ಮಗಳನ್ನೂ ಮಾನ್ವಿಗೆ ಕರೆದುಕೊಂಡು ಹೋದ. ಹದಿನೈದು ದಿನ ಜೋಕಾಲಿ, ಉಂಡಿ, ಅವ್ವನ ಕೈ ಊಟ. ಟಕ ಟಕ ಇಲ್ಲ.

ವಾಪಸು ಬಂದ ಸಂಜೆ ರಾಯಚೂರಲ್ಲಿ ಕರೆಂಟು ಹೋಗಿತ್ತು. ಇಡೀ ಓಣಿ ಕತ್ತಲು, ನಮ್ಮ ಮನೆ ಮಾತ್ರ ಮದುವೆ ಮನೆ. ಪಡಸಾಲೆಯಲ್ಲಿ ಒಂದು ಬಲ್ಬು ಝಗ್ಗೆಂದು ಉರಿಯುತ್ತಿತ್ತು. ಕೆಳಗೆ ಹೆಂಗಸರು ಅಕ್ಕಿ ಆರಿಸುತ್ತಿದ್ದರು, ಮಾಸ್ತರರು ಪೇಪರು ಓದುತ್ತಿದ್ದರು. ಬಾಗಿಲಲ್ಲೇ ಇವರು ನನ್ನನ್ನು ತಡೆದರು.

"ದಿನಾ ಸಂಜಿಗೆ ಎರಡು ತಾಸು ಬಲ್ಬು ಉರಿಸಿ ಎರಡನೇ ಬ್ಯಾಟರಿ ಖಾಲಿ ಮಾಡ್ತೀನಿ. ಮುಂಜಾನೆ ಗಾಲಿಗೆ ಜೋಡಿಸಿ ಮಿಲ್ಲಿಗೆ ಹೋಗ್ತೀನಿ. ಸಂಜಿಗೆ ಬಂದು ನೋಡಿದ್ರ ಫುಲ್! ಹನ್ನೆರಡು ದಿನದಿಂದ, ಭಾನುವಾರ ಬಿಟ್ರ, ಒಂದು ದಿನಾನೂ ತಪ್ಪಿಲ್ಲ."

ಬಲ್ಬು ಕಣ್ಣಿಗೆ ಹೊಡೆಯುವ ಹಾಗೆ ಉರಿಯುತ್ತಿತ್ತು. ಅತ್ತೆಯ ಮುಖ ನೋಡಿದೆ. ಅವರು ಗೋಡೆಗೆ ಒರಗಿ, ಎಲೆಗೆ ಸುಣ್ಣ ಹಚ್ಚುತ್ತ ತಣ್ಣಗೆ ಕೂತಿದ್ದರು.

"ನೌಕರಿ ಬಿಡ್ತೀನಿ," ಎಂದರು ಇವರು. "ದೇವದುರ್ಗದಾಗ ನಮ್ಮ ಕಾಕಾನ ಮಗಂದು ಖಾಲಿ ಖೋಲಿ ಅದ, ಬಸ್ ಸ್ಟ್ಯಾಂಡಿನ ಹತ್ರ. ಬ್ಯಾಟರಿ ಚಾರ್ಜಿಂಗ್ ಅಂಗಡಿ ಹಾಕ್ತೀನಿ. ಅಲ್ಲಿ ಕರೆಂಟು ದಿನಕ್ಕ ಹತ್ತು ಸಲ ಹೋಗ್ತದ. ಸುತ್ತಲ ಹಳ್ಳಿ ಟ್ರಾಕ್ಟರೆಲ್ಲ ನನ್ನ ಬಾಗಿಲಿಗೇ ಬರಬೇಕು."

"ಕಾಯಂ ನೌಕರಿ ರೀ!"

"ಎರಡು ಕೊಡ ತುಂಬಂಗಿಲ್ಲ ಅಂತಿದ್ದ್ಯಲ್ಲ ನೀನು?"

ಮರುದಿನ ಬೆಳಗ್ಗೆ ಯಾರೂ ಇಲ್ಲದಾಗ ಎರಡೂ ಖಾಲಿ ಕೊಡಗಳನ್ನು ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದೆ ಕೂಡ. ನನ್ನವು ತುಂಬಲಿಲ್ಲ.

೬. ಇಂಗ್ಲಿಷ್ ಪತ್ರ

ಮಿಲ್ಲಿನ ಮ್ಯಾನೇಜರಿಗೆ ಅರ್ಜಿ ಇಂಗ್ಲಿಷಿನಲ್ಲೇ ಕೊಡಬೇಕು. ಆವಾಗ ಇವರಿಗೆ ನನ್ನ ಹತ್ತನೇತ್ತ ನೆನಪಾಯಿತು.

"ನೀ ಮೆಟ್ರಿಕ್ ಓದಿದಾಕಿ. ರಾಜೀನಾಮಿ ಬರಿ," ಎಂದು ಹಾಳೆ ತಂದು ಮುಂದಿಟ್ಟರು.

ಎರಡು ದಿನ ಜಗಳವಾಡಿದೆ, ಉಣ್ಣದೆ ಕೂತೆ, ಆ ಗಾಲಿ ಬ್ಯಾಟರಿಯ ಕಡೆ ತಿರುಗಿಯೂ ನೋಡಲಿಲ್ಲ, ತವರಿಗೆ ಹೋಗುತ್ತೇನೆ ಎಂದೆ. "ಹೋಗಿ ಈಗ ಬಂದೀಯಲ್ಲ," ಎಂದರು. ಕೊನೆಗೆ ಪೆನ್ನು ಹಿಡಿದೆ. ನಮ್ಮ ಇಂಗ್ಲಿಷ್ ಮಾಸ್ತರರು ಪರೀಕ್ಷೆಗೆಂದು ಇಡೀ ವರ್ಷ ಒಂದೇ ಒಂದು ಪತ್ರ ಉರು ಹೊಡೆಸಿದ್ದರು. ಅಲ್ಪವಿರಾಮದ ಸಮೇತ ನನಗೆ ಅದು ಈಗಲೂ ಬಾಯಿಪಾಠ. ಅದನ್ನೇ ದುಂಡಗೆ ಬರೆದೆ. ಮಾನ್ಯರೇ, ನನಗೆ ಜ್ವರ ಬಂದಿರುವುದರಿಂದ ಸೋಮವಾರದಿಂದ ಮೂರು ದಿನ ರಜೆ ಕೊಡಬೇಕೆಂದು ವಿನಂತಿ. ನಿಮ್ಮ ವಿಧೇಯ. ರಾಜೀನಾಮೆ ಬರೆಯಲು ನನಗೆ ಬರುತ್ತಿರಲಿಲ್ಲ. ಬಂದಿದ್ದರೂ ಬರೆಯುತ್ತಿರಲಿಲ್ಲ, ಆ ಮಾತು ಬೇರೆ.

ಇವರು ಹಾಳೆಯನ್ನು ಮೇಲೆ ಕೆಳಗೆ ನೋಡಿದರು. "ಬಿಡ್ತೀನಿ ಅನ್ನೂದಕ್ಕ ಇಷ್ಟುದ್ದ ಬರೀಬೇಕೇನು?"

"ಇಂಗ್ಲಿಷಿನಾಗ ಮರ್ಯಾದಿ ಭಾಳ ಇರ್ತದ್ರೀ."

ಸಹಿ ಹಾಕಿ ಶನಿವಾರ ಕೊಟ್ಟು ಬಂದರು. ಬಂದವರ ಮುಖ ಸಣ್ಣದಾಗಿತ್ತು. "ಏಳು ವರ್ಷ ದುಡಿದೀನಿ. ಮ್ಯಾನೇಜರ್ ಓದಿ, 'ಹ್ಞೂಂ, ಆಗ್ಲಿ, ಬಿಸಿನೀರು ಕುಡಿ' ಅಂದ ನೋಡು. ಯಾಕ ಹೊಂಟಿ ಅಂತ ಒಂದು ಮಾತು ಕೇಳಲಿಲ್ಲ."

ನಾನು ಒಲೆ ಊದಿದೆ. ಊದದಿದ್ದರೆ ನಕ್ಕುಬಿಡುತ್ತಿದ್ದೆ. ನಗುವ ಹೊತ್ತು ಅದಲ್ಲ. ನನ್ನ ಕೈಯಲ್ಲಿ ಇದ್ದದ್ದು ಮೂರೇ ದಿನ. ಅಷ್ಟರಲ್ಲಿ ಈ ಹುಚ್ಚು ಇಳಿಯದಿದ್ದರೆ ಗುರುವಾರ ಇವರು ದೇವದುರ್ಗದಲ್ಲಿ ಬೋರ್ಡು ಬರೆಸುತ್ತಿರುತ್ತಾರೆ, ಮಿಲ್ಲಿನಲ್ಲಿ ಇವರ ಹೆಸರು ಹೊಡೆದು ಹಾಕುತ್ತಾರೆ.

ಸೋಮವಾರ ಬೆಳಗ್ಗೆ ದೇವದುರ್ಗಕ್ಕೆ ಹೊರಟೆವು, ಕಾಕಾನ ಮಗನಿಗೂ ಅಲ್ಲಿಯ ನಾಲ್ಕು ಮಂದಿಗೂ ಮೋಟರು ಓಡಿಸಿ ತೋರಿಸಲಿಕ್ಕೆ. ನಮ್ಮ ಓಣಿಯಲ್ಲೇ ಒಬ್ಬ ಡ್ರೈವರ ಇದ್ದ. ದಿನಾ ರಾಯಚೂರು ದೇವದುರ್ಗ ನಡುವೆ ಮಂದಿ ತುಂಬಿಕೊಂಡು ಜೀಪು ಹೊಡೆಯುತ್ತಿದ್ದ. ಗಾಲಿ, ಕಾಯಿಲ್, ಎರಡು ಬ್ಯಾಟರಿ, ನಾನು, ಮಗಳು, ಅತ್ತೆ ಎಲ್ಲ ಹತ್ತಿದೆವು. ಓಣಿಯವರು ಕಳಿಸಲು ಬಂದಿದ್ದರು. ಅತ್ತೆ ಮಗನ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದ್ದರು.

ಡ್ರೈವರ ಬಾನೆಟ್ ಎತ್ತಿ, ಹಿಂದೆ ಬಂದು ಅತ್ತೆಗೆ ಹೇಳಿದ: "ಯವ್ವಾ, ಬ್ಯಾಟರಿ ಕೊಡು."

ಇವರು ನಕ್ಕರು. "ಇದು ಮೋಟರಿಂದಪ್ಪಾ."

"ಗೊತ್ತದ್ರೀ. ಈಗ ಹಾಕ್ಕೋತೀನಿ, ದೇವದುರ್ಗ ಮುಟ್ಟಿದ ಮ್ಯಾಲ ಬಿಚ್ಚಿ ಕೊಡ್ತೀನಿ. ದಿನಾ ಹಂಗs ಮಾಡ್ತೀನಲ್ರೀ."

"ದಿನಾ?"

"ಪಂಚಮಿ ಹೊತ್ತಿಗೆ ನನ್ನ ಬ್ಯಾಟರಿ ಸತ್ತು ಹೋತ್ರೀ. ಯವ್ವನ ಕೇಳಿದೆ. ನೀವು ಮಿಲ್ಲಿಗೆ, ಅಕ್ಕಾರು ನಳಕ್ಕ ಹೋದ ಮ್ಯಾಲ ಒಯ್ತೀನಿ, ಮಂದಿ ಕಡಿಂದ ನೂಕಿಸಿ ಜೀಪು ಚಾಲೂ ಮಾಡ್ತೀನಿ. ಹೋಗಿ ಬರೂದ್ರಾಗ ಜೀಪಿನ ಡೈನಮೋ ತುಂಬ್ತದ. ನೀವು ಬರೂದ್ರಾಗ ವಾಪಸ್ ಇಡ್ತೀನಿ."

ನಮ್ಮ ಮೋಟರು ತುಂಬಿಸಿತೆಂದ ಬ್ಯಾಟರಿ ದಿನಾ ದೇವದುರ್ಗಕ್ಕೆ ಹೋಗಿ ಊರು ನೋಡಿಕೊಂಡು ಬರುತ್ತಿತ್ತು. ಇವರು ತಾಯಿಯ ಕಡೆ ತಿರುಗಿದರು. "ಯವ್ವಾ, ನೀ ನನಗ ಯಾಕ ಹೇಳಲಿಲ್ಲ?"

ಅತ್ತೆಗೆ ಸಿಟ್ಟೇ ಬಂತು. "ಏನು ಹೇಳೂದದ ಅದರಾಗ? ಬಾಜೂ ಮನ್ಯಾಂವ ಕೇಳ್ದ, ಕೊಟ್ಟೆ. ಒಬ್ಬರಿಗೆ ಹೆಪ್ಪು ಕೊಟ್ರ ಡಂಗುರ ಸಾರ್ತಾರೇನು? ಮಂದಿ ಪಾತ್ರಿ ಖಾಲಿ ವಾಪಸ್ ಕೊಡಬಾರ್ದು ತಮ್ಮಾ, ತುಂಬಿ ಕೊಡಬೇಕು ಅಂತ ಮೊದಲನೇ ದಿನಾನೇ ಅಂವಗ ಹೇಳಿದ್ದೆ. ಪಾಪ, ಒಂದು ದಿನಾನೂ ಖಾಲಿ ತಂದಿಲ್ಲ!"

ಇವರು ಹಾರ ತೆಗೆದು ಸೀಟಿನ ಮೇಲಿಟ್ಟು ಇಳಿದು ಮನೆಗೆ ನಡೆದರು.

ಆ ದಿನವೂ ಮರುದಿನವೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನೌಕರಿಯೂ ಹೋಯಿತು, ಮೋಟರೂ ಹೋಯಿತು ಎಂದು ಒಮ್ಮೆ ಗೋಡೆಗೆ ಹೇಳಿದ್ದು ಕೇಳಿಸಿತು. ಪತ್ರದ ವಿಷಯ ಹೇಳಿಬಿಡಲೇ ಎನಿಸಿತು. ನನ್ನ ಹೊಲಿಗೆ ಯಂತ್ರಕ್ಕೆ ಇನ್ನೂ ತಾಮ್ರದ ತಂತಿ ಸುತ್ತಿಕೊಂಡಿತ್ತು. ಅದನ್ನು ನೋಡಿ ಸುಮ್ಮನಾದೆ. ಬುಧವಾರ ಸಂಜೆ ಮಾತ್ರ ಹೇಳಿದೆ: "ನಾಳೆ ಮುಂಜಾನೆ ಹೋಗಿ ಸಾಹೇಬರನ್ನ ಕೇಳ್ರಿ. ತಡ ಮಾಡಬ್ಯಾಡ್ರಿ."

ಗುರುವಾರ ಅಲ್ಲಿ ನಡೆದದ್ದನ್ನು ಮಿಲ್ಲಿನ ವಾಚಮನ್ ಆಮೇಲೆ ನನಗೆ ಹೇಳಿದ. ಇವರು ಒಳಗೆ ಹೋದವರೇ ಮ್ಯಾನೇಜರ ಎರಡೂ ಕಾಲು ಹಿಡಿದು, "ತಪ್ಪಾತ್ರಿ, ಬುದ್ಧಿ ಕೆಟ್ಟಿತ್ರಿ, ಇನ್ನ ಹಂಗ ಮಾಡಂಗಿಲ್ರಿ," ಎಂದು ಅತ್ತರಂತೆ. ಮ್ಯಾನೇಜರು ಗಾಬರಿಯಾಗಿ ಕುರ್ಚಿಯ ಮೇಲೆ ಕಾಲೆತ್ತಿಕೊಂಡು, "ಏಳಪ್ಪಾ! ಮೂರು ದಿನಕ್ಕ ಇಷ್ಟ್ಯಾಕ? ಉಳಿದವರು ಹದಿನೈದು ದಿನ ಹೇಳದೆ ಕೇಳದೆ ಹೋಗ್ತಾರ, ಎದುರಿಗೆ ಬಂದು ಹಲ್ಲು ಕಿಸೀತಾರ. ನಿನ್ನಂಥಾಂವ ಒಬ್ಬನೂ ಇಲ್ಲ. ಹೋಗು, ಪಂಪು ನಿಂತದ, ನೋಡು," ಎಂದರಂತೆ.

ಮನೆಗೆ ಬಂದು ಇವರು ಹೇಳಿದ್ದು ಬೇರೆ. ಅತ್ತೆಯ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತು ಹೇಳಿದರು: "ರಾಜೀನಾಮಿ ತಗೊಳ್ಳಾಕs ಒಲ್ಲೆ ಅಂದ್ರು ಯವ್ವಾ. ನಿನ್ನಂಥಾಂವ ಇನ್ನೊಬ್ಬ ಇಲ್ಲ ಅಂದ್ರು. ನಾ ಇಲ್ಲದ ಮೂರು ದಿನ ಪಂಪು ನಿಂತದಂತ!"

ಅತ್ತೆ ದೃಷ್ಟಿ ತೆಗೆದರು. ಓಣಿಯವರು ಬಂದು ಬೆನ್ನು ತಟ್ಟಿದರು. ಮಾಸ್ತರರು ಕೈ ಕುಲುಕಿದರು. ನೌಕರಿ ಉಳಿಸಿದ ನನ್ನನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಎಲ್ಲರೂ ಹೋದ ಮೇಲೆ ಇವರು ಇನ್ನೊಂದು ಹಾಳೆ ತಂದು ನನ್ನ ಮುಂದಿಟ್ಟರು.

"ಇಷ್ಟು ಮರ್ಯಾದಿ ಕೊಡ್ತಾರಂದ್ರ ಈಗs ಕೇಳಿಬಿಡಬೇಕು. ನನ್ನ ಹೆಡ್ ಮಿಸ್ತ್ರಿ ಮಾಡ್ರಿ ಅಂತ ಚಂದಗೆ ಒಂದು ಇಂಗ್ಲಿಷ್ ಪತ್ರ ಬರಿ."

ಹಲ್ಲು ಕಚ್ಚಿ ಪೆನ್ನು ತೆಗೆದುಕೊಂಡೆ. ದುಂಡಗೆ, ಅಲ್ಪವಿರಾಮದ ಸಮೇತ, ನನಗೆ ಬರುವ ಪತ್ರವನ್ನೇ ಬರೆದುಕೊಟ್ಟೆ. ಜ್ವರದ ಜಾಗದಲ್ಲಿ ಈ ಸಲ ಭೇದಿ ಎಂದು ಹಾಕಿದೆ.